ಕಾವಲು ಕಲಿತ ಹುಡುಗರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಸ್‌ಸ್ಟ್ಯಾಂಡುಗಳಲ್ಲಿ ಸಂಜೆ ನಿಂತಿರುವ ಹುಡುಗಿಯರಿಗೆ ಬುದ್ಧಿ ಹೇಳುವವರಿಗೆ ಬರಗಾಲವಿಲ್ಲ. ಕತ್ತಲೆಯ ಮೊದಲು ಮನೆ ಸೇರು, ಮೊಬೈಲ್ ಇಳಿಸು, ಬಸ್ಸಿನಲ್ಲಿ ಪಕ್ಕ ಕೂತವನು ಯಾರು? ಅದೇ ಬಸ್ಸಿಗೆ ಕಾಯುವ ಹುಡುಗರಿಗೆ ಹೇಳುವುದು ಒಂದೇ ಮಾತು: 'ನಮ್ಮ ಹುಡುಗಿಯರನ್ನು ನೀವು ಕಾಯಬೇಕು.'

ನನಗೆ ಭಯ ಹುಟ್ಟಿಸುವುದು ಈ ಮಾತೇ. ಕಾಯುವ ಅಧಿಕಾರ ಸಿಕ್ಕವನಿಗೆ ಶಿಕ್ಷಿಸುವ ಅಧಿಕಾರವೂ ತನ್ನದೆನ್ನಿಸುತ್ತದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಯುವತಿಯರನ್ನು ಅಟ್ಟಾಡಿಸಿದಾಗಲೂ, 2012ರ ಜುಲೈನಲ್ಲಿ ಪಡೀಲಿನ ಹೋಮ್‌ಸ್ಟೇಗೆ ನುಗ್ಗಿದಾಗಲೂ ಕೇಳಿಬಂದ ಸಮರ್ಥನೆ ಸಂಸ್ಕೃತಿ ರಕ್ಷಣೆಯದು. 2019ರಲ್ಲಿ ಪಕ್ಕದ ಪುತ್ತೂರಿನಲ್ಲಿ ವಿದ್ಯಾರ್ಥಿನಿಯ ಮೇಲಿನ ದೌರ್ಜನ್ಯದ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಬಂಧಿತರಾದ ಐವರೂ ವಿದ್ಯಾರ್ಥಿಗಳು. ಬೆಳ್ತಂಗಡಿ ತಾಲೂಕಿನಲ್ಲಿ 2012ರ ಅಕ್ಟೋಬರಿನಲ್ಲಿ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ, ಕೊಲೆ ನಡೆಯಿತು. ಬಂಧಿತನಾಗಿದ್ದವನು 2023ರಲ್ಲಿ ಖುಲಾಸೆಯಾದ. ನ್ಯಾಯಾಲಯಕ್ಕಾಗಿ ಸುಮಾರು ಹನ್ನೊಂದು ವರ್ಷ ಕಾಯುವ ಊರು, ಹುಡುಗರೊಂದಿಗೆ ಮಾತಾಡಲು ಒಂದು ಸಂಜೆಯನ್ನೂ ಎತ್ತಿಡುವುದಿಲ್ಲ.

ಮನೆಯೊಳಗಿನ ಲೆಕ್ಕ ಇನ್ನೂ ಕಹಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡವರು. ಕೈಯೆತ್ತಿದ ಆ ಗಂಡಂದಿರೆಲ್ಲ ಒಂದು ಕಾಲಕ್ಕೆ ಏಳನೇ ಕ್ಲಾಸಿನ ಹುಡುಗರೇ.

ಹರಿಯಾಣದಲ್ಲಿ ಹುಡುಗರೊಂದಿಗೆ ಮಾತಾಡುವ ಕೆಲಸ ಶುರುವಾದದ್ದು ಏಳನೇ ತರಗತಿಯಲ್ಲೇ. ಬ್ರೇಕ್‌ಥ್ರೂ ಸಂಸ್ಥೆ ಅಲ್ಲಿ ಎರಡೂವರೆ ವರ್ಷ, ಕೆಲವು ವಾರಗಳಿಗೊಮ್ಮೆ ಒಂದು ಪೀರಿಯಡ್, ಹುಡುಗ ಹುಡುಗಿಯರನ್ನು ಕೂರಿಸಿ ಚರ್ಚೆ ನಡೆಸಿತು. ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ತಂಗಿಯ ಓದು ಯಾಕೆ ನಿಲ್ಲುತ್ತದೆ ಎಂಬಂಥ ಪ್ರಶ್ನೆಗಳು. ಸಂಶೋಧಕರು 314 ಸರ್ಕಾರಿ ಶಾಲೆಗಳನ್ನು ಹೋಲಿಸಿ ನೋಡಿದರು. ಮಕ್ಕಳ ಅಭಿಪ್ರಾಯ ಬದಲಾಗಿತ್ತು, ಕಾರ್ಯಕ್ರಮ ಮುಗಿದು ಎರಡು ವರ್ಷವಾದರೂ ಬದಲಾವಣೆ ಉಳಿದಿತ್ತು. ಹಿಂಸೆಯೇ ನಿಂತುಹೋಯಿತೆಂದು ಇದರರ್ಥವಲ್ಲ. ಆದರೆ ಆ ವಯಸ್ಸಿನ ಮನಸ್ಸು ಮಾತಿಗೆ ಬಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ನಮ್ಮಲ್ಲಿ ಹುಡುಗರನ್ನು ಹುಡುಕಿಕೊಂಡು ಹೋಗಬೇಕಾದದ್ದು ಕಬಡ್ಡಿ, ವಾಲಿಬಾಲ್ ಅಂಗಳಕ್ಕೆ. ಅಮ್ಮನ ಮಾತಿಗೆ ತಲೆಯೆತ್ತದವನೂ ಕೋಚ್ ಅಣ್ಣನ ಒಂದು ಸೀಟಿಗೆ ಓಡಿ ಬರುತ್ತಾನೆ. ಈ ಗುಟ್ಟು ಹಿಡಿದೇ ಅಮೆರಿಕದ ಸ್ಯಾಕ್ರಮೆಂಟೊದ 16 ಹೈಸ್ಕೂಲುಗಳಲ್ಲಿ ನಡೆದ ಪ್ರಯೋಗದಲ್ಲಿ ಕೆಲವು ಶಾಲೆಗಳ ಆಟದ ತರಬೇತುದಾರರು ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಹೆಣ್ಣಿನ ಗೌರವದ ಮಾತಾಡಿದರು. ಒಂದು ವರ್ಷದ ಬಳಿಕ, ಆ ಮಾತು ಕೇಳಿದ ಹುಡುಗರಲ್ಲಿ ಗೆಳತಿಯ ಮೇಲಿನ ದೌರ್ಜನ್ಯ ಕಡಿಮೆಯಿತ್ತು. ಮುಂಬೈಯಲ್ಲಿ ಕ್ರಿಕೆಟ್ ಕೋಚ್‌ಗಳ ಮೂಲಕ ನಡೆದ 'ಪರಿವರ್ತನ್' ಇದರ ಮರಾಠಿ, ಹಿಂದಿ ರೂಪ.

ಈ ಊರಿನ ಹುಡುಗರಿಗೆ ಉದಾಹರಣೆ ಹೊರಗಿನಿಂದ ತರಬೇಕಿಲ್ಲ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟಿಯೇ ಎಷ್ಟೋ ತಾಯಂದಿರು ಮಗನ ಶಾಲೆಯ ಫೀಸು ಕಟ್ಟಿದ್ದಾರೆ. ಸಂಜೆ ಅಡುಗೆಯೂ ಅವರದೇ. ಆ ತಾಯಿಗೆ ಕೂಲಿ ಎಷ್ಟು, ಅದನ್ನು ಖರ್ಚು ಮಾಡುವವರು ಯಾರು ಎಂದು ಮಗನನ್ನು ಕೇಳಿ ನೋಡಿ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮುಂದೆ ಹಾಡಿದ, ಸಿರಿ ಎಂಬ ಹೆಣ್ಣಿನ ಕಥೆಯ ತುಳು ಪಾಡ್ದನ 15,683 ಸಾಲುಗಳಷ್ಟು ಉದ್ದದ್ದು. ಬಯಕೆಯ ಸೀರೆಯನ್ನು ಗಂಡ ಬೇರೊಬ್ಬಳಿಗೆ ಉಡಿಸಿ ತಂದಾಗ ಸಿರಿ ಅದನ್ನು ಒಪ್ಪಲಿಲ್ಲ; ಮುಂದೆ ಸಂಬಂಧವನ್ನೇ ಕಡಿದುಕೊಂಡು ನಡೆದಳು. ಹೆಣ್ಣಿನ 'ಒಲ್ಲೆ' ಎಂಬ ಮಾತನ್ನು ಅಷ್ಟು ದೀರ್ಘವಾಗಿ ಹಾಡಿದವರು ಒಬ್ಬ ಗಂಡಸು, ನಮ್ಮೂರಿನವರು. ಹದಿಮೂರರ ಹುಡುಗ ಇದನ್ನು ಕೇಳಲೇಬೇಕು.

ಈ ಮಾತುಕತೆ ಭಜನಾ ಮಂದಿರ, ಮದರಸ, ಚರ್ಚಿನ ಯುವಕೂಟ, ಯುವಕ ಮಂಡಲ ಎಲ್ಲೆಡೆಯೂ ನಡೆಯಬೇಕು. ಒಂದು ಕಡೆ ಬಿಟ್ಟರೂ 'ಅವರ ಹುಡುಗರಿಗೆ ಹೇಳಿ' ಎಂಬ ಜಗಳವೇ ಉಳಿಯುತ್ತದೆ. ಮೊದಲ ತರಬೇತಿ ಮಾತ್ರ ಹುಡುಗರಿಗಲ್ಲ, ಕೋಚ್ ಅಣ್ಣಂದಿರಿಗೆ. ಅವರೂ ಕಾವಲು ಕಲಿತೇ ಬೆಳೆದವರು.