ಹಾಡಿನೊಳಗೆ ಸಿಕ್ಕಿಬಿದ್ದ ಸೈನಿಕ

ಕಾರವಾರದ ಟಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಪಕ್ಕ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಅವರ ಮನೆತನ ಇಲ್ಲಿಯದೇ ಚೆಂಡಿಯಾದ್ದು. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ ಹೂತಿಟ್ಟ ನೆಲಬಾಂಬುಗಳ ನಡುವೆ ನಮ್ಮ ಟ್ಯಾಂಕುಗಳು ಸಾಗಬೇಕಿತ್ತು. ಶತ್ರುಗಳ ದಾಳಿ ನಡೆದೇ ಇತ್ತು. ರಾಣೆ ಟ್ಯಾಂಕಿನ ಅಡಿಗೆ ನುಸುಳಿ, ಅದರ ಜೊತೆಗೇ ತೆವಳುತ್ತ, ಹಗ್ಗದ ಸನ್ನೆಯಲ್ಲಿ ಚಾಲಕನಿಗೆ ದಾರಿ ತೋರಿಸಿದರು. ಆ ಸಾಹಸಕ್ಕೆ ಅವರಿಗೆ ಪರಮವೀರ ಚಕ್ರ ಬಂತು.

ಮೆಟಾಲಿಕಾ ತಂಡದ ‘ಒನ್’ ಹಾಡು ಕೇಳಿದಾಗಲೆಲ್ಲ ನನಗೆ ಆ ಹಗ್ಗ ನೆನಪಾಗುತ್ತದೆ. 1988ರಲ್ಲಿ ಬಂದ ಈ ಹೆವಿ ಮೆಟಲ್ ಹಾಡಿನ ಕಥೆ ಎದೆ ನಡುಗಿಸುವಂಥದ್ದು. ನೆಲಬಾಂಬು ಸಿಡಿದು ಒಬ್ಬ ಸೈನಿಕ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲವನ್ನೂ ಕಳೆದುಕೊಂಡಿದ್ದಾನೆ. ಎಚ್ಚರ ಮಾತ್ರ ಉಳಿದಿದೆ. ಸಾವು ಬೇಕೆಂದು ಒಳಗೊಳಗೇ ಕೂಗುತ್ತಾನೆ. ಹಾಡಿನ ಬೇರು ಡಾಲ್ಟನ್ ಟ್ರಂಬೊ 1939ರಲ್ಲಿ ಪ್ರಕಟಿಸಿದ ‘ಜಾನಿ ಗಾಟ್ ಹಿಸ್ ಗನ್’ ಕಾದಂಬರಿಯಲ್ಲಿದೆ. ಟ್ರಂಬೊ ಅದನ್ನು 1971ರಲ್ಲಿ ತಾನೇ ಸಿನಿಮಾ ಮಾಡಿದ. ಹಾಡಿನ ವಿಡಿಯೊದಲ್ಲಿ ಕಾಣುವುದು ಅದೇ ಸಿನಿಮಾದ ದೃಶ್ಯಗಳು.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಾಜ್ಯದ ಮೂಲೆಮೂಲೆಯಿಂದ ಹುಡುಗರು ಹೋಗಿದ್ದರು. ಇಂಥದ್ದನ್ನು ಕೇಳಿ ಮಕ್ಕಳ ಮನಸ್ಸು ಕಲ್ಲಾದೀತೇ ಎಂಬ ಹೆತ್ತವರ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಅದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಾಡು ಕೇಳುತ್ತಿದ್ದವರ ಒಂದು ಕಣ್ಣಿಗೆ ಹಿಂಸೆಯ ಚಿತ್ರ, ಇನ್ನೊಂದಕ್ಕೆ ಸಾಧಾರಣ ಚಿತ್ರ ತೋರಿಸಿದರು. ಹೀಗೆ ಮಾಡಿದಾಗ ಮಿದುಳು ಎರಡನ್ನೂ ಒಟ್ಟಿಗೆ ಕಾಣದೆ ಒಂದನ್ನು ಬಿಟ್ಟು ಒಂದನ್ನು ಕಾಣುತ್ತದೆ, ಅಪಾಯ ಸೂಚಿಸುವ ಚಿತ್ರಕ್ಕೇ ಹೆಚ್ಚು ಹೊತ್ತು ಅಂಟಿಕೊಳ್ಳುತ್ತದೆ. ಹಿಂಸೆಯ ಸಾಹಿತ್ಯವಿರುವ ಮೆಟಲ್ ಹಾಡುಗಳ ಅಭಿಮಾನಿಗಳಲ್ಲೂ ಈ ಎಚ್ಚರ ಉಳಿದವರಷ್ಟೇ ಇತ್ತು. ಅವರ ಮನಸ್ಸು ಜಡ್ಡುಗಟ್ಟಿರಲಿಲ್ಲ.

ಇನ್ನು ಮೆಟಲ್ ಸಂಗೀತದ ಅಬ್ಬರದ ಮಾತು. ಮನುಷ್ಯನ ಚೀತ್ಕಾರದಲ್ಲಿ ಧ್ವನಿಯ ಮಟ್ಟ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ. ಈ ಒರಟುತನ ಮಿದುಳಿನ ಭಯದ ಕೇಂದ್ರವಾದ ಅಮಿಗ್ಡಲವನ್ನು ಬಡಿದೆಬ್ಬಿಸುತ್ತದೆಂದು 2015ರಲ್ಲಿ ತೋರಿಸಲಾಯಿತು. ಕರ್ಕಶ ಗಿಟಾರಿನಲ್ಲಿರುವುದೂ ಇಂಥದೇ ಒರಟುತನ. ಬಯಲಾಟದಲ್ಲಿ ರಕ್ಕಸ ವೇಷ ಆರ್ಭಟಿಸುತ್ತ ರಂಗಕ್ಕೆ ನುಗ್ಗಿದಾಗ ನಮ್ಮೂರಿನ ಮಕ್ಕಳು ಅಮ್ಮನ ಸೆರಗು ಹಿಡಿದುಕೊಂಡೇ ಕಣ್ಣರಳಿಸಿ ನೋಡುವುದಿಲ್ಲವೇ? ‘ಒನ್’ ಮೆಲ್ಲಗೆ ಶುರುವಾಗಿ, ಕೊನೆಗೆ ಡ್ರಮ್ಮಿನ ಪೆಟ್ಟುಗಳು ಮಷಿನ್‌ಗನ್ನಿನ ಹಾಗೆ ಸಿಡಿಯುವಲ್ಲಿಗೆ ಮುಟ್ಟುತ್ತದೆ.

ಆದರೂ ನನ್ನ ಪ್ರಕಾರ ಈ ಹಾಡಿನ ಭೀಕರತೆ ಗಾಯದಲ್ಲಿಲ್ಲ. ಒಳಗೊಬ್ಬ ಮನುಷ್ಯನಿದ್ದಾನೆಂದು ಹೊರಗಿನವರಿಗೆ ಗೊತ್ತೇ ಆಗದಿರುವುದರಲ್ಲಿದೆ. ಕಾದಂಬರಿಯಲ್ಲಿ ಆ ಸೈನಿಕ, ಜೋ, ದಿಂಬಿಗೆ ತಲೆ ಬಡಿಯುತ್ತಾನೆ: ಮೂರು ಚಿಕ್ಕವು, ಮೂರು ಉದ್ದನೆಯವು, ಮತ್ತೆ ಮೂರು ಚಿಕ್ಕವು. ಅದು ಮೋರ್ಸ್ ಸಂಕೇತದ ಎಸ್‌ಒಎಸ್. ಸುತ್ತಲಿನವರಿಗೆ ಅದು ಬರೀ ಸೆಟೆತ. ಹೊಸದಾಗಿ ಬಂದ ಒಬ್ಬ ದಾದಿ ಮಾತ್ರ ಅವನ ಬರಿ ಎದೆಯ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ಕ್ರಿಸ್‌ಮಸ್ ಶುಭಾಶಯ ಹೇಳುತ್ತಾಳೆ. ಅವನಿಗೆ ಉಳಿದಿರುವುದು ಚರ್ಮವೊಂದೇ ಎಂಬುದು ಅವಳಿಗೆ ಹೊಳೆದಿತ್ತು.

ಇದು ಕಾದಂಬರಿಕಾರನ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 2006ರಲ್ಲಿ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು, ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಯಾವುದಕ್ಕೂ ಸ್ಪಂದಿಸದೆ ಮಲಗಿದ್ದ 23 ವರ್ಷದ ಯುವತಿಯನ್ನು ಎಂಆರ್‌ಐ ಯಂತ್ರದಲ್ಲಿಟ್ಟು, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಚಲನೆಯನ್ನು ಯೋಜಿಸುವ ಮಿದುಳಿನ ಭಾಗ ಚುರುಕಾಯಿತು. ಮನೆಯ ಕೋಣೆಗಳಲ್ಲಿ ಓಡಾಡಿದಂತೆ ನೆನೆಸಿಕೊಳ್ಳಲು ಹೇಳಿದಾಗ ಜಾಗದ ನೆನಪಿನ ಭಾಗ ಎದ್ದಿತು. ಎರಡೂ ಆರೋಗ್ಯವಂತರಲ್ಲಿ ಆಗುವ ಹಾಗೆಯೇ. ನಾಲ್ಕು ವರ್ಷದ ಮೇಲೆ ಇನ್ನೊಬ್ಬ ರೋಗಿ ಇದೇ ಉಪಾಯದಿಂದ, ಟೆನಿಸ್ ಎಂದರೆ ಹೌದು, ಮನೆ ಎಂದರೆ ಇಲ್ಲ ಎಂಬಂತೆ, ತನ್ನ ತಂದೆಯ ಹೆಸರಿನ ಕುರಿತ ಪ್ರಶ್ನೆಗೆ ಸರಿಯುತ್ತರ ಕೊಟ್ಟ. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಹೇಳಿದ್ದನ್ನು ಮಾಡದ 241 ರೋಗಿಗಳಲ್ಲಿ 60 ಜನರ ಮಿದುಳು ಎಂಆರ್‌ಐ ಇಲ್ಲವೇ ಇಇಜಿಯಲ್ಲಿ ಸೂಚನೆ ಪಾಲಿಸಿತ್ತು. ನಾಲ್ವರಲ್ಲಿ ಒಬ್ಬರು!

ನಮ್ಮ ಕಡೆಗೆ ಇದು ದೂರದ ಸಂಗತಿಯಲ್ಲ. ಅಂಕೋಲಾದ ಬಾಳೆಗುಳಿಯಲ್ಲಿ ಹುಬ್ಬಳ್ಳಿ ರಸ್ತೆ 66ನೇ ಹೆದ್ದಾರಿಗೆ ಕೂಡುತ್ತದೆ. ಹಗಲೂ ರಾತ್ರಿ ಲಾರಿಗಳು. ತಲೆಗೆ ಜೋರು ಪೆಟ್ಟು ಬಿದ್ದವರನ್ನು ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಒಯ್ಯುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು, ನ್ಯಾಯವಾದದ್ದು. ಚಿಕಿತ್ಸೆಯ ಬಳಿಕ ಕೆಲವರು ಎಚ್ಚರವಿಲ್ಲದವರಂತೆ ಮನೆಗೆ ಮರಳುತ್ತಾರೆ, ಮುಂದಿನ ಆರೈಕೆಯೆಲ್ಲ ಮನೆಯವರದು. ಪ್ರಜ್ಞೆಯಿಲ್ಲವೆಂದು ವೈದ್ಯರ ತಂಡ ನಿರ್ಧರಿಸಿದ್ದ 44 ರೋಗಿಗಳನ್ನು 2009ರ ಬೆಲ್ಜಿಯಂ ಅಧ್ಯಯನವೊಂದು ವಿಧಿವತ್ತಾಗಿ ಮತ್ತೆ ಪರೀಕ್ಷಿಸಿದಾಗ 18 ಜನರಲ್ಲಿ ಪ್ರಜ್ಞೆಯ ಗುರುತು ಸಿಕ್ಕಿತ್ತು. ಆ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ. ಅದರ ಒಂದು ಹಂತದಲ್ಲಿ ರೋಗಿಯ ಮುಖದೆದುರು ಕನ್ನಡಿ ಹಿಡಿದು ಮೆಲ್ಲಗೆ ಸರಿಸುತ್ತಾರೆ. ಬೇರೆ ವಸ್ತುವನ್ನು ಹಿಂಬಾಲಿಸದ ಕಣ್ಣು ಎಷ್ಟೋ ಸಲ ತನ್ನ ಮುಖವನ್ನು ಹಿಂಬಾಲಿಸುತ್ತದೆ. ಸೂಚನೆಗಳನ್ನು ರೋಗಿಯ ಮನೆಮಾತಿನಲ್ಲೇ, ಕಾರವಾರದವರಾದರೆ ಕೊಂಕಣಿಯಲ್ಲಿ, ಹಾಲಕ್ಕಿ ಸಮುದಾಯದವರಾದರೆ ಅವರ ಕನ್ನಡದಲ್ಲಿ ಕೊಡಬೇಕು. ಒಂದು ದಿನ ಉತ್ತರ ಬರದಿದ್ದರೆ ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಮತ್ತೆ ಕೇಳಬೇಕು.