ನಿಲ್ಲುವುದಕ್ಕೆ ಬೇಕಾದ ದೂರ

ಓಡುತ್ತಿರುವ ವಾಹನ ನಿಲ್ಲುವಷ್ಟರಲ್ಲಿ ಸಾಗುವ ದಾರಿಗೆ ಎರಡು ಭಾಗಗಳಿವೆ. ಅಡ್ಡ ಬಂದದ್ದನ್ನು ಕಣ್ಣು ಕಂಡು, ಮೆದುಳು ಗುರುತಿಸಿ, ಕಾಲು ಬ್ರೇಕ್ ಒತ್ತಲು ಎಚ್ಚರದಿಂದಿರುವ ಚಾಲಕನಿಗೂ ಸುಮಾರು ಒಂದು ಸೆಕೆಂಡ್ ಬೇಕು. ಅಷ್ಟು ಹೊತ್ತು ವೇಗ ಚೂರೂ ತಗ್ಗುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿಗೇ 17 ಮೀಟರ್ ದಾಟಿರುತ್ತದೆ. ಮೊಬೈಲಿನ ಕಡೆ ಎರಡು ಸೆಕೆಂಡ್ ಕಣ್ಣು ಹಾಯಿಸಿದರೆ 33 ಮೀಟರ್ ದಾರಿಯನ್ನು ಕುರುಡಾಗಿ ಕ್ರಮಿಸಿದಂತೆ.

ಎರಡನೆಯದು ಬ್ರೇಕ್ ಹಿಡಿದ ನಂತರದ ದಾರಿ. ವಾಹನದ ಚಲನಶಕ್ತಿಯೆಲ್ಲ ಇಲ್ಲಿ ಬಿಸಿಯಾಗಿ ಕರಗಬೇಕು. ಈ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ವೇಗ ಇಮ್ಮಡಿಯಾದರೆ ದೂರ ನಾಲ್ಮಡಿಯಾಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರಿಗೆ ಸುಮಾರು 5 ಮೀಟರ್ ಸಾಕು, 60ಕ್ಕೆ 20 ಬೇಕು. ಮೊದಲಿನ 17 ಸೇರಿದರೆ 37 ಮೀಟರ್. ಮೂರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ.

ಹತ್ತು ಕಿಲೋಮೀಟರ್ ಹೆಚ್ಚಾದರೆ ಏನಾದೀತು ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಒಂದು ಕಾರು 50ರಲ್ಲಿ, ಪಕ್ಕದ್ದು 60ರಲ್ಲಿ ಬರುತ್ತಿದ್ದು, ಶಾಲೆಯ ಮುಂದೆ ಮಗುವೊಂದು ರಸ್ತೆಗೆ ಓಡಿಬಂತೆನ್ನಿ. ಇಬ್ಬರೂ ಒಂದೇ ಕ್ಷಣದಲ್ಲಿ ಕಂಡು ಒಂದೇ ಬಲದಿಂದ ಬ್ರೇಕ್ ಒತ್ತುತ್ತಾರೆ. ಮೊದಲ ಕಾರು ಸುಮಾರು 28 ಮೀಟರಿಗೆ ನಿಲ್ಲುತ್ತದೆ. ಅದೇ ಜಾಗಕ್ಕೆ ಬಂದಾಗ ಎರಡನೆಯ ಕಾರಿನ ವೇಗ ಇನ್ನೂ 40 ಕಿ.ಮೀ.! ಮಗುವಿನ ಜೀವ ತೆಗೆಯಲು ಅಷ್ಟು ಸಾಕು.

ರಸ್ತೆ ಒದ್ದೆಯಾದರೆ ಟೈರಿನ ಹಿಡಿತ ಕುಗ್ಗಿ ಬ್ರೇಕಿನ ದೂರ ಹೆಚ್ಚುಕಡಿಮೆ ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ. ಮೊದಲ ಮಳೆಯೇ ಹೆಚ್ಚು ಅಪಾಯಕಾರಿ. ಬೇಸಿಗೆಯಿಡೀ ಕೂತ ಎಣ್ಣೆ, ಧೂಳು ನೀರಿನೊಡನೆ ಬೆರೆತು ರಸ್ತೆ ಜಾರುತ್ತದೆ. ಆಗ ಬೈಕಿನ ಬ್ರೇಕನ್ನು ಒಮ್ಮೆಲೇ ಬಲವಾಗಿ ಹಿಡಿದರೆ ಚಕ್ರ ಸಿಕ್ಕಿಕೊಂಡು ಸವಾರ ಬೀಳುತ್ತಾನೆ. ಹಾಗಾಗದಂತೆ ಬ್ರೇಕನ್ನು ಕ್ಷಣಕ್ಷಣವೂ ಸಡಿಲಿಸಿ ಬಿಗಿಯುವ ಎಬಿಎಸ್ ವ್ಯವಸ್ಥೆ 2019ರ ಏಪ್ರಿಲಿನಿಂದ ಭಾರತದಲ್ಲಿ 125 ಸಿಸಿ ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆ ಕಡ್ಡಾಯ. ಅದು ಉಳಿಸುವುದು ಮುಖ್ಯವಾಗಿ ಸಮತೋಲನವನ್ನು. ಮರಳು, ಜಲ್ಲಿಯ ಮೇಲೆ ದೂರ ಕಡಿಮೆಯಾಗದು.

ಶಿರಾಡಿ, ಚಾರ್ಮಾಡಿಯಂಥ ಘಾಟಿಗಳನ್ನು ಇಳಿಯುವಾಗ ಸಮಸ್ಯೆಯೇ ಬೇರೆ. ಉದ್ದಕ್ಕೂ ಬ್ರೇಕ್ ತುಳಿಯುತ್ತ ಬಂದ ಲೋಡ್ ಲಾರಿಯ ಡ್ರಮ್ಮು ಕಾದು ಲೈನರಿನ ಹಿಡಿತ ಸಡಿಲುತ್ತದೆ. ಅದಕ್ಕೇ ಅನುಭವಿ ಚಾಲಕರು ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರುತ್ತಾರೆ; ತಡೆಯುವ ಕೆಲಸದ ಬಹುಪಾಲನ್ನು ಎಂಜಿನ್ನೇ ಹೊರುತ್ತದೆ, ಬ್ರೇಕು ತಿರುವಿನ ಹೊತ್ತಿಗೆ ತಣ್ಣಗಿರುತ್ತದೆ.