ದಿನಕ್ಕೆ ಯಜಮಾನರಾರು?

ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ದುಡಿದು ರಾತ್ರಿ ಹಾಸಿಗೆಯ ಮೇಲೆ ಒರಗಿದಾಗ, ಈ ದಿನ ನಾನು ಮಾಡಿದ್ದೇನು ಎಂದು ಕೇಳಿಕೊಂಡರೆ ಉತ್ತರ ತೋಚದೆ ಹೋಗುವುದು ಅನೇಕ ಗೃಹಸ್ಥರ ಅನುಭವವಾಗಿದೆ. ಕೆಲಸ ನಡೆಯಲಿಲ್ಲವೆಂದಲ್ಲ, ಬೇಕಾದಷ್ಟು ನಡೆಯಿತು. ಕರೆದವರಿಗೆ ಓಗೊಟ್ಟದ್ದಾಯಿತು, ಮೇಲಧಿಕಾರಿಗಳು ಕೇಳಿದ ಲೆಕ್ಕವನ್ನು ಒಪ್ಪಿಸಿದ್ದಾಯಿತು, ಮೊಬೈಲು ಸದ್ದು ಮಾಡಿದಾಗಲೆಲ್ಲ ಕೈಗೆತ್ತಿ ನೋಡಿದ್ದಾಯಿತು. ಆದರೆ ಬೆಳಗ್ಗೆ ಎದ್ದಾಗ ಇಂದು ಇದನ್ನು ಮುಗಿಸಲೇಬೇಕೆಂದು ಹಿಡಿದಿದ್ದ ಒಂದು ಕೆಲಸ ಮಾತ್ರ ಇದ್ದಲ್ಲಿಯೇ ಇರುತ್ತದೆ. ದಿನವು ನಮ್ಮದಾಗಿದ್ದರೂ ಅದನ್ನು ನಡೆಸಿದವರು ಬೇರೆಯವರು.

ಈ ಕಷ್ಟವು ಮೊಬೈಲಿನ ಜೊತೆಯಲ್ಲಿ ಹುಟ್ಟಿತೆಂದು ಹೇಳುವವರುಂಟು. ಅದು ಕಷ್ಟವನ್ನು ಹೆಚ್ಚಿಸಿದ್ದು ನಿಜ, ಹುಟ್ಟಿಸಿದ್ದಲ್ಲ. ಇದಕ್ಕೆ ಸುಮಾರು ಮುನ್ನೂರು ವರ್ಷಗಳ ಹಿಂದಿನ ಸಾಕ್ಷಿಯೊಂದಿದೆ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು 1728 ರಲ್ಲಿ ಪಾಲುಗಾರನೊಬ್ಬನೊಡನೆ ಫಿಲಡೆಲ್ಫಿಯ ನಗರದಲ್ಲಿ ಮುದ್ರಣಾಲಯವನ್ನು ತೆರೆದಾಗ ಅವನಿಗೆ ಇಪ್ಪತ್ತೆರಡು ವರ್ಷ. ಮುಂದೆ ಅವನು ವಿಜ್ಞಾನಿಯೆಂದೂ ರಾಜನೀತಿಜ್ಞನೆಂದೂ ಹೆಸರಾದನು. ಆಗಿನ್ನೂ ಅಚ್ಚಿನ ಮೊಳೆಗಳನ್ನು ಜೋಡಿಸಿ, ಮಸಿ ಬಳಿದು, ಕಾಗದವೊತ್ತಿ ಬದುಕುವ ಕಸಬುದಾರ. ತನ್ನ ನಡತೆಯನ್ನು ತಿದ್ದಿಕೊಳ್ಳಬೇಕೆಂದು ಹದಿಮೂರು ಗುಣಗಳ ಪಟ್ಟಿಯನ್ನು ಬರೆದುಕೊಂಡು, ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕವೊಂದರಲ್ಲಿ ಕಪ್ಪು ಚುಕ್ಕೆಯಿಡುತ್ತಿದ್ದನು. ಅವುಗಳಲ್ಲಿ ಮೂರನೆಯದು ಕ್ರಮ. ಎಂದರೆ ಪ್ರತಿಯೊಂದು ವಸ್ತುವಿಗೂ ಒಂದು ಸ್ಥಳ, ಪ್ರತಿಯೊಂದು ಕೆಲಸಕ್ಕೂ ಒಂದು ಹೊತ್ತು. ಇದಕ್ಕಾಗಿ ಅವನು ಇಪ್ಪತ್ತನಾಲ್ಕು ಗಂಟೆಗಳನ್ನೂ ಹಂಚಿಟ್ಟನು. ಐದಕ್ಕೆ ಏಳುವುದು, ಪ್ರಾರ್ಥನೆ, ಅಂದಿನ ಕೆಲಸದ ಸಂಕಲ್ಪ, ಓದು, ಉಪಾಹಾರ, ಎಂಟರಿಂದ ಮಧ್ಯಾಹ್ನದವರೆಗೆ ಕಸಬು, ಆಮೇಲೆ ಎರಡು ಗಂಟೆ ಓದು, ಲೆಕ್ಕ ನೋಡುವುದು, ಊಟ, ಮತ್ತೆ ಸಂಜೆ ಆರರವರೆಗೆ ಕಸಬು. ರಾತ್ರಿ ಸಾಮಾನುಗಳನ್ನು ಅವುಗಳ ಸ್ಥಳದಲ್ಲಿಟ್ಟು, ಸಂಗೀತವೋ ಸಂಭಾಷಣೆಯೋ ಆದ ಮೇಲೆ ಹತ್ತಕ್ಕೆ ನಿದ್ರೆ. ಇಂದು ಯಾವ ಒಳ್ಳೆಯದನ್ನು ಮಾಡಲೆಂದು ಬೆಳಗ್ಗೆ ಕೇಳಿಕೊಳ್ಳುವುದು, ಏನು ಮಾಡಿದೆನೆಂದು ರಾತ್ರಿ ಕೇಳಿಕೊಳ್ಳುವುದು.

ಈ ಪಟ್ಟಿಯು ದಿನಚರಿಯನ್ನು ಕುರಿತ ಎಷ್ಟೋ ಪುಸ್ತಕಗಳಲ್ಲಿ ಇಂದಿಗೂ ಅಚ್ಚಾಗುತ್ತದೆ. ಅದಾದ ಕೂಡಲೆ ಅವನು ತನ್ನ ಆತ್ಮಕಥೆಯಲ್ಲಿ ಬರೆದಿರುವ ಮಾತನ್ನು ಮಾತ್ರ ಬಹು ಮಂದಿ ಎತ್ತುವುದಿಲ್ಲ. ಹದಿಮೂರು ಗುಣಗಳಲ್ಲಿ ತನ್ನನ್ನು ಅತಿಯಾಗಿ ಕಾಡಿದ್ದು ಈ ಕ್ರಮವೇ ಎಂದು ಅವನು ಹೇಳುತ್ತಾನೆ. ಕೂಲಿಗೆ ದುಡಿಯುವ ಅಚ್ಚುಗಾರನಿಗೆ ಇಂಥ ದಿನಚರಿ ಸಾಧ್ಯವಾದೀತು; ಅಂಗಡಿಯ ಯಜಮಾನನಿಗೆ ಕಷ್ಟ. ಏಕೆಂದರೆ ಅವನು ನಾಲ್ಕು ಜನರೊಡನೆ ಬೆರೆಯಬೇಕು, ವ್ಯವಹಾರಕ್ಕೆ ಬಂದವರನ್ನು ಅವರು ಬಂದ ಹೊತ್ತಿನಲ್ಲಿಯೇ ಕಾಣಬೇಕು. ತನ್ನ ಸ್ಥಿತಿಗೆ ಅವನು ಒಂದು ಹಾಸ್ಯದ ಕತೆಯನ್ನು ಹೇಳಿಕೊಂಡಿದ್ದಾನೆ. ಕೊಡಲಿಯ ಮೈಯೆಲ್ಲ ಅಲಗಿನಂತೆಯೇ ಹೊಳೆಯಬೇಕೆಂದು ಒಬ್ಬನು ಕಮ್ಮಾರನನ್ನು ಕೇಳಿದನಂತೆ. ಸಾಣೆಯ ಚಕ್ರವನ್ನು ನೀನೇ ತಿರುಗಿಸುವುದಾದರೆ ಆಗಲಿ, ಎಂದನು ಕಮ್ಮಾರ. ತಿರುಗಿಸಿ ತಿರುಗಿಸಿ ತೋಳು ಸೋತ ಮೇಲೆ, ಚುಕ್ಕೆ ಚುಕ್ಕೆಯಾಗಿರುವ ಕೊಡಲಿಯೇ ತನಗೆ ಮೆಚ್ಚೆಂದು ಹೇಳಿ ಆ ಮನುಷ್ಯನು ಅದನ್ನು ಹೊತ್ತು ನಡೆದನಂತೆ.

ಫ್ರಾಂಕ್ಲಿನ್ನನಿಗೆ ನಿಜವಾದ ಬಿಡುವು ಸಿಕ್ಕಿದ್ದು 1748 ರಲ್ಲಿ, ಮುದ್ರಣಾಲಯದ ಆಡಳಿತವನ್ನು ಪಾಲುಗಾರನಾದ ಡೇವಿಡ್ ಹಾಲ್‌ನಿಗೆ ಒಪ್ಪಿಸಿದ ಮೇಲೆ. ನಲವತ್ತೆರಡನೆಯ ವಯಸ್ಸಿನಲ್ಲಿ ಹೀಗೆ ಕೈಬಿಡುವ ಭಾಗ್ಯ ನಮ್ಮ ಗುಮಾಸ್ತರಿಗೂ ಉಪಾಧ್ಯಾಯರಿಗೂ ಎಲ್ಲಿಯದು? ಆದಕಾರಣ ಇಡೀ ದಿನವನ್ನು ಆಳುವ ಆಸೆಯನ್ನು ಬಿಟ್ಟು, ಅದರ ಒಂದು ತುಂಡನ್ನು ಭದ್ರಮಾಡಿಕೊಳ್ಳುವುದು ಮೇಲು. ಹಾಗೆ ಮಾಡಿ ಗೆದ್ದವರಿದ್ದಾರೆ.

ಇಂಗ್ಲೆಂಡಿನ ಆಂಥೊನಿ ಟ್ರೊಲಪ್ಪನು ಅಂಚೆಯ ಇಲಾಖೆಯ ನೌಕರ. ಬೀದಿಯಲ್ಲಿ ನಿಲ್ಲುವ ಅಂಚೆಪೆಟ್ಟಿಗೆಯು ಬ್ರಿಟಿಷರ ಆಡಳಿತದಲ್ಲಿ ಬಳಕೆಗೆ ಬಂದದ್ದು 1852 ರಲ್ಲಿ, ಇವನ ಸಲಹೆಯಿಂದ. ನೌಕರಿಯಲ್ಲಿದ್ದುಕೊಂಡೇ ಕಾದಂಬರಿಗಳನ್ನು ಬರೆಯತೊಡಗಿ, ಒಟ್ಟು ನಲವತ್ತೇಳನ್ನು ಬರೆದನು. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ ಇನ್ನೂರೈವತ್ತು ಪದಗಳಂತೆ ಬರೆಯುತ್ತಿದ್ದನು. ಲೋಕವು ಬಾಗಿಲು ತಟ್ಟುವ ಹೊತ್ತಿಗೆ ಅವನ ಸ್ವಂತ ಕೆಲಸ ಮುಗಿದಿರುತ್ತಿತ್ತು. ಡಾರ್ವಿನ್ನನದು ಇನ್ನೊಂದು ಬಗೆ. ಕೆಂಟ್ ಪ್ರಾಂತದ ಡೌನ್ ಗ್ರಾಮದ ಮನೆಯಲ್ಲಿ ಅವನು ಎಂಟರಿಂದ ಒಂಬತ್ತೂವರೆಯವರೆಗೆ ಕೆಲಸಮಾಡಿ, ಆಮೇಲೆ ಬಂದ ಕಾಗದಗಳನ್ನು ನೋಡುತ್ತಿದ್ದನು. ಹತ್ತೂವರೆಗೆ ಪುನಃ ಕೆಲಸ. ಉತ್ತರ ಬರೆಯುವುದು ಮಧ್ಯಾಹ್ನದ ಊಟವಾದ ಮೇಲೆ. ಕಾಗದಗಳನ್ನು ಅಲಕ್ಷಿಸಿದವನಲ್ಲ. ಕಿರುಕುಳ ಕೊಡುವವರಿಗೆ ಕಳುಹಿಸಲೆಂದು ಅಚ್ಚುಮಾಡಿಸಿಟ್ಟಿದ್ದ ಸಿದ್ಧ ಉತ್ತರವನ್ನು ಅವನು ಬಳಸಿದ್ದೇ ಅಪರೂಪವೆಂದು ಮಗ ಫ್ರಾನ್ಸಿಸ್ ಬರೆದಿದ್ದಾನೆ. ಪರರಿಗೆ ಉತ್ತರವುಂಟು, ಆದರೆ ಅದಕ್ಕೊಂದು ಹೊತ್ತುಂಟು, ಅಷ್ಟೆ.

ಇಷ್ಟನ್ನು ಓದಿ, ನಾಳೆಯಿಂದ ನಾನೂ ಐದಕ್ಕೆ ಏಳುವೆನೆಂದು ಯಜಮಾನರು ನಿಶ್ಚಯಿಸಬಹುದು. ಆದರೆ ಆ ಐದು ಗಂಟೆಗೆ ಕಾಫಿಯನ್ನು ಕಾಯಿಸುವವರು ಯಾರು?

ಟ್ರೊಲಪ್ಪನ ಮನೆಯಲ್ಲಿ ಅದಕ್ಕೆ ಉತ್ತರವಿತ್ತು. ಕುದುರೆ ನೋಡಿಕೊಳ್ಳುವ ಮುದುಕನೊಬ್ಬನು ವರ್ಷಕ್ಕೆ ಐದು ಪೌಂಡುಗಳ ಹೆಚ್ಚಿನ ಸಂಬಳಕ್ಕೆ ಅವನನ್ನು ಎಬ್ಬಿಸಿ ಕಾಫಿ ತಂದುಕೊಡುತ್ತಿದ್ದನು. ವಾಲ್ಥಮ್ ಕ್ರಾಸಿನಲ್ಲಿದ್ದ ವರ್ಷಗಳಲ್ಲಿ ಒಂದು ದಿನವೂ ಅವನು ತಡಮಾಡಲಿಲ್ಲವೆಂದೂ, ತನ್ನ ಯಶಸ್ಸಿಗೆ ಬಹುಶಃ ಎಲ್ಲರಿಗಿಂತ ಅವನಿಗೇ ಹೆಚ್ಚು ಋಣಿಯೆಂದೂ ಟ್ರೊಲಪ್ಪನು ಬರೆದಿರುವುದು ಅವನ ದೊಡ್ಡತನ. ರೈಲಿನಲ್ಲಿ ಕುಳಿತು ಸೀಸದ ಕಡ್ಡಿಯಿಂದ ಗೀಚಿದ್ದನ್ನು ಶುದ್ಧಪ್ರತಿ ಮಾಡುತ್ತಿದ್ದವಳು ಹೆಂಡತಿ. ಫ್ರಾಂಕ್ಲಿನ್ನನ ಹೆಂಡತಿ ಡೆಬೋರಳು ಪುಸ್ತಿಕೆಗಳನ್ನು ಮಡಿಸಿ ಹೊಲಿಯುತ್ತಿದ್ದಳು, ಅಂಗಡಿಯನ್ನು ನೋಡಿಕೊಳ್ಳುತ್ತಿದ್ದಳು, ಕಾಗದ ಮಾಡುವವರಿಗಾಗಿ ಹಳೆಯ ಬಟ್ಟೆಯ ಚಿಂದಿಯನ್ನು ಕೊಳ್ಳುತ್ತಿದ್ದಳು. ಡಾರ್ವಿನ್ ದಂಪತಿಗಳಿಗೆ ಹತ್ತು ಮಕ್ಕಳು ಹುಟ್ಟಿದರು. ಆ ಮನೆಯಲ್ಲಿ ಗಂಡನ ಹೊತ್ತು ಕೆಡದಂತೆ ಕಾಯ್ದವಳು ಎಮ್ಮ. ಒಬ್ಬರ ದಿನವು ತುಂಡಾಗದಿರಬೇಕಾದರೆ, ಮತ್ತೊಬ್ಬರ ದಿನವು ತುಂಡು ತುಂಡಾಗುತ್ತದೆ. ದಿನಚರಿಯ ಪುಸ್ತಕಗಳು ಈ ಖರ್ಚನ್ನು ಲೆಕ್ಕಕ್ಕೆ ಬರೆಯುವುದಿಲ್ಲ.

ಹೆಂಗಸೇ ಬರೆಯಲು ಕುಳಿತರೆ ಏನಾಗುತ್ತದೆಂಬುದನ್ನು ಜೇನ್ ಆಸ್ಟೆನ್ನಳಲ್ಲಿ ಕಾಣಬಹುದು. ಚಾಟನ್ ಗ್ರಾಮದ ಮನೆಯಲ್ಲಿ ಅವಳಿಗೆ ಬರೆಯಲು ಬೇರೆ ಕೋಣೆಯಿರಲಿಲ್ಲ. ಎಲ್ಲರೂ ಕೂಡುವ ಕೋಣೆಯಲ್ಲಿ, ಥಟ್ಟನೆ ಮರೆಮಾಡಬಹುದಾದ ಸಣ್ಣ ಹಾಳೆಗಳ ಮೇಲೆ ಬರೆಯುತ್ತಿದ್ದಳಂತೆ. ಒಂದು ಬಾಗಿಲು ಕಿರುಗುಟ್ಟುತ್ತಿತ್ತು. ಯಾರಾದರೂ ಬರುವ ಸೂಚನೆ ಅದರಿಂದ ಸಿಗುತ್ತಿದ್ದುದರಿಂದ ಅದನ್ನು ಸರಿಪಡಿಸಗೊಡಲಿಲ್ಲವೆಂದು ಅವಳ ಸೋದರಳಿಯನು ಬರೆದಿದ್ದಾನೆ. ಮನೆವಾರ್ತೆಯ ಹೆಚ್ಚಿನ ಭಾರವನ್ನು ಅಕ್ಕ ಕಸಾಂಡ್ರಳು ಹೊರುತ್ತಿದ್ದಳು. 1816 ರಲ್ಲಿ ಅಕ್ಕನು ಊರಿನಲ್ಲಿಲ್ಲದೆ ಮನೆ ತನ್ನ ಮೇಲೆಯೇ ಬಿದ್ದಾಗ, ಅಡಿಗೆಯ ಮಾಂಸ ಮತ್ತು ಔಷಧದ ಪ್ರಮಾಣಗಳೇ ತಲೆಯಲ್ಲಿ ತುಂಬಿರುವಾಗ ಬರೆಯುವುದು ಅಸಾಧ್ಯವೆಂದು ಅವಳು ಅಕ್ಕನಿಗೆ ಕಾಗದ ಬರೆದಳು. ನಮ್ಮ ಗೃಹಿಣಿಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರೆಗೆ ಓಗೊಡುವುದೇ ಕೆಲಸವಾಗಿರುವವರೂ ಇದ್ದಾರೆ. ದಾದಿಯು, ಅಂಗಡಿಯವನು, ಎಳೆಗೂಸಿನ ತಾಯಿ ಬಾಗಿಲು ಹಾಕಿಕೊಂಡು ಕೂಡಲಾರರು. ಅವರ ದುಡಿಮೆಯನ್ನು ಕೀಳೆಂದು ಎಣಿಸುವುದು ಅವಿವೇಕ. ಇವರಿಗೆ ಉಪಯೋಗವಾಗುವ ಮಾತೊಂದು ಸೋಫಿ ಲೆರಾಯ್ ಎಂಬ ವಿದುಷಿಯ ಸಂಶೋಧನೆಯಿಂದ ತಿಳಿದಿದೆ. ಕೆಲಸವೊಂದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲಿಯೇ ಉಳಿಯುತ್ತದೆಂದು ಅವರು 2009 ರಲ್ಲಿ ತೋರಿಸಿದರು. 2018 ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಲೇಖನದಲ್ಲಿ, ಏಳುವ ಮುನ್ನ ಎಲ್ಲಿಗೆ ನಿಲ್ಲಿಸಿದೆ, ಮುಂದೇನು ಮಾಡಬೇಕು ಎಂದು ಬರೆದಿಟ್ಟರೆ ಆ ಎಳೆತವು ತಗ್ಗುತ್ತದೆಂದು ಹೇಳಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಒಂದು ಚೀಟಿಯನ್ನಿಡಲು ಅರ್ಧ ನಿಮಿಷ ಸಾಕು.

ಉಳಿದವರು ಮಾಡಬೇಕಾದದ್ದು ಮನೆಯೊಳಗಿನ ಒಂದು ಒಪ್ಪಂದ. ಬೆಳಗಿನ ಒಂದು ಗಂಟೆ ಯಜಮಾನರದಾದರೆ, ಸಂಜೆಯ ಒಂದು ಗಂಟೆ ಯಜಮಾನಿಯದಾಗಲಿ. ಆಕೆ ಆಗ ಪರೀಕ್ಷೆಗೆ ಓದಬಹುದು, ವೀಣೆ ನುಡಿಸಬಹುದು, ಸುಮ್ಮನೆ ಕುಳಿತಿರಲೂಬಹುದು, ಕಾರಣವನ್ನು ಕೇಳತಕ್ಕದ್ದಿಲ್ಲ. ಆ ಹೊತ್ತಿನಲ್ಲಿ ಆಕೆಯ ಮೊಬೈಲೂ ಯಜಮಾನರ ಬಳಿಯಲ್ಲಿರಲಿ. ಮಕ್ಕಳ ಜಗಳ, ಅತ್ತೆಯವರ ಮಾತ್ರೆ, ಗ್ಯಾಸಿನವನ ಕೂಗು ಎಲ್ಲಕ್ಕೂ ಅವರೇ ಓಗೊಡಲಿ. ಇದಕ್ಕೆ ಮೊದಲು ಒಂದು ಭಾನುವಾರ ಅಡಿಗೆಮನೆಯಲ್ಲಿ ನಿಂತು ಯಾವುದು ಎಲ್ಲಿದೆಯೆಂದು ಅವರು ನೋಡಿಟ್ಟುಕೊಂಡಿರಬೇಕು. ಸಾಸಿವೆಯ ಡಬ್ಬಿ ಯಾವುದೆಂದು ಕೇಳಲು ಆ ಒಂದು ಗಂಟೆಯಲ್ಲಿ ಬಾಗಿಲು ತಟ್ಟಕೂಡದು.